ಮೆಕ್ಕೆಜೋಳದ ತೆನೆಯಂಥ ಸೀಸ

“ನನ್ನ ಅಚ್ಚು ಬಿರುಕು ಬಿಟ್ಟಿರೋದು ನಿಜಾನಾ? ನೀನೇ ಕಣ್ಣಾರೆ ನೋಡಿದ್ಯಾ?”

ಕೊಲೆಯ ಆಪಾದನೆ ಹೊತ್ತು ಕಂಬಿಯ ಹಿಂದೆ ಕುಳಿತ ಮುದುಕರೊಬ್ಬರು ಮೊದಲು ಕೇಳಬೇಕಾದ ಪ್ರಶ್ನೆ ಇದಲ್ಲ. ಆದರೆ ವೆಂಡೆಲ್ ಪ್ರೌಟಿ ಕೇಳಿದ್ದು ಇದನ್ನೇ. ಸೋಮವಾರ ನ್ಯಾಯಾಧೀಶರು ಬಾಯಿ ತೆರೆದರೆ ಅವರ ಉಳಿದ ಆಯಸ್ಸೆಲ್ಲ ಜೈಲಿನಲ್ಲೇ ಕಳೆಯುತ್ತದೆ. ಅವರಿಗೆ ಮಾತ್ರ ಅಚ್ಚಿನದೇ ಚಿಂತೆ.

ಕೇಸಿನ ತನಿಖೆ ಮಾಡುತ್ತಿದ್ದ ಪೊಲೀಸಳು ನಾನೇ, ನೋಡಿದ್ದೇನೆ ಎಂದೆ. ಅಚ್ಚಿನ ಬಾಯಿಯ ಅಂಚಿನಲ್ಲಿ, ಕೂದಲೆಳೆಯಷ್ಟು. ವೆಂಡೆಲ್ ಕಣ್ಣು ಮುಚ್ಚಿಕೊಂಡರು. ಹೆಂಡತಿಗೆ ಹುಷಾರಿಲ್ಲ ಎಂದಿದ್ದರೂ ಮುಖ ಇಷ್ಟು ಬಾಡುತ್ತಿರಲಿಲ್ಲವೇನೋ.

ಬೆಟ್ಟದ ದಾರಿಗೆ ತಾನೇ ಹಾಕಿಸಿದ್ದ ಗೇಟಿನ ಬಳಿ ಸತ್ತು ಬಿದ್ದಿದ್ದ ಕಾಲ್ ರೈನ್‌ಹೋಲ್ಟ್ ಎಂಬ ಜಮೀನುದಾರನ ಎದೆಯಿಂದ ತೆಗೆದ ಗುಂಡು ವೆಂಡೆಲ್ ಅವರ ಗುಂಡು ಒತ್ತುವ ಪ್ರೆಸ್ಸಿನಲ್ಲೇ, ಅವರ ಅಚ್ಚಿನಲ್ಲೇ ತಯಾರಾದದ್ದು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಸಣ್ಣ ಬಂದೂಕಿನ ಖಾಲಿ ಹಿತ್ತಾಳೆ ತೋಟಾಗಳನ್ನು ಹಿಗ್ಗಿಸಿ ಗುಂಡಿಗೆ ಅಂಗಿ ಮಾಡಿ, ಒಳಗೆ ಸೀಸದ ತಿರುಳು ತುಂಬಿ, ದೊಡ್ಡ ಬಂದೂಕಿಗೆ ಗುಂಡು ಮಾಡಿಕೊಳ್ಳುವವರು ಸೋರೆಲ್ ಊರಿನಲ್ಲಿ ಅವರೊಬ್ಬರೇ. ಮೊಂಟಾನಾದ ಈ ಮೂಲೆಯಲ್ಲಿ ಗುಂಡು ಮನೆಯಲ್ಲೇ ಮಾಡಿಕೊಳ್ಳುವುದು ಉಪ್ಪಿನಕಾಯಿ ಹಾಕಿದಷ್ಟೇ ಸಹಜ. ಆದರೆ ಪ್ರತಿ ಕೈಗೂ ಅದರದೇ ರುಚಿ.

ಪ್ರಯೋಗಾಲಯದ ವರದಿಯ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ, ತಿರುಳಿನ ಗಡಸುತನ ಹನ್ನೊಂದು ಎಂದಿತ್ತು. ಅದನ್ನು ಹೇಳಿದೆ.

“ಹನ್ನೊಂದಾ?” ವೆಂಡೆಲ್ ಎದ್ದು ನಿಂತರು. “ನನ್ನ ಸೀಸ ಐದು ಕಣೆ ಹುಡುಗಿ. ಬೆಣ್ಣೆ. ಉಗುರಲ್ಲಿ ಗೀಚಿದ್ರೆ ಗೆರೆ ಬೀಳುತ್ತೆ. ಹನ್ನೊಂದರದ್ದನ್ನ ನನ್ನ ಅಚ್ಚಿಗೆ ತುರುಕಿದ್ರೆ ಅದು ಸೀಳದೆ ಇನ್ನೇನು ಮಾಡುತ್ತೆ, ಹಾಡು ಹೇಳುತ್ತಾ?”

ಗಟ್ಟಿ ಇದ್ದರೆ ಒಳ್ಳೆಯದಲ್ಲವೇ ಎಂದು ಬೇಕೆಂದೇ ಕೆಣಕಿದೆ.

“ಬರಿಮೈ ಗುಂಡಿಗೆ ಒಳ್ಳೇದು. ಅದು ನಳಿಗೆಗೆ ಮೈ ಉಜ್ಜಿಕೊಂಡು ಹೋಗುತ್ತೆ, ಗಟ್ಟಿ ಇಲ್ದಿದ್ರೆ ಸವೆದು ಅಂಟಿಕೊಳ್ಳುತ್ತೆ. ನನ್ನದು ಹಿತ್ತಾಳೆ ಅಂಗಿ ಹಾಕ್ಕೊಂಡಿರೋದು. ಅಂಗಿ ಇರೋನಿಗೆ ದಪ್ಪ ಚರ್ಮ ಯಾಕೆ? ಒಳಗಿನದು ಮೆತ್ತಗಿದ್ರೆ ತಾನೇ ಒತ್ತಿದ ಕಡೆ ತುಂಬಿಕೊಳ್ಳೋದು. ಇದು ಗೊತ್ತಿಲ್ದೆ ನನ್ನ ಪ್ರೆಸ್ ಮುಟ್ಟಿದ ಕತ್ತೆ ಯಾರು?”

ಅದೇ ನನಗೂ ಬೇಕಾಗಿದ್ದ ಉತ್ತರ. ಸರ್ಕಾರಿ ವಕೀಲರ ಬಳಿ ಬೆಳಿಗ್ಗೆಯೇ ಈ ಮಾತು ಎತ್ತಿದ್ದೆ. ಸೀಸ ಅಂದರೆ ಸೀಸ, ಅದರಲ್ಲಿ ಮೆದುವೇನು ಗಟ್ಟಿಯೇನು, ಅಂಗಿ ಅವನದೇ ತಾನೇ ಎಂದು ನಕ್ಕು ಕಡತ ಮುಚ್ಚಿದ್ದರು. ಬೇರೆ ಹೆಸರೊಂದನ್ನು ತಂದುಕೊಡದೆ ವೆಂಡೆಲ್ ಹೊರಗೆ ಬರುವಂತಿರಲಿಲ್ಲ.

ನಾನು ಜೈಲಿನಿಂದ ಹೊರಗೆ ಬಂದಾಗ ಊರೇ ಇರಲಿಲ್ಲ. ಪಶ್ಚಿಮದ ಬೆಟ್ಟಗಳಿಗೆ ಬೆಂಕಿ ಬಿದ್ದು, ಹೊಗೆ ಇಳಿದು ಬಂದು, ಬೀದಿಯ ಅಂಚುಗಳನ್ನೆಲ್ಲ ಒರೆಸಿ ಹಾಕಿತ್ತು. ಸೂರ್ಯ ಕಿತ್ತಳೆ ಹಣ್ಣಿನಂತೆ ತೂಗುತ್ತಿದ್ದ. ದಿಟ್ಟಿಸಿ ನೋಡಿದರೂ ಕಣ್ಣು ನೋಯುತ್ತಿರಲಿಲ್ಲ. ಎದುರಿನಿಂದ ಬಂದ ಟ್ರಕ್ಕು ಸದ್ದೇ ಇಲ್ಲದೆ ಹುಟ್ಟಿ ಸದ್ದೇ ಇಲ್ಲದೆ ಕರಗಿತು. ಇಂಥ ದಿನಗಳಲ್ಲಿ ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ಎಂದು ನನಗೇ ಗೊತ್ತಾಗುವುದಿಲ್ಲ.

ನಿದ್ದೆಯಲ್ಲಾದರೆ ಅಪ್ಪ ಬರುತ್ತಾನೆ. ಸೀಸದ ಪಾತ್ರೆಯ ಮೇಲೆ ಬಾಗಿ ನಿಂತಿರುತ್ತಾನೆ. ಕರಗಿದ ಸೀಸದ ಮೇಲಿನ ಕೆನೆ ತೆಗೆದ ಕೂಡಲೇ ಅದು ಕನ್ನಡಿಯಾಗುತ್ತದೆ. ಅದರಲ್ಲಿ ಒಂದು ಮುಖ ಮೂಡುತ್ತದೆ. ಯಾರದೆಂದು ಬಗ್ಗಿ ನೋಡುವಷ್ಟರಲ್ಲಿ ನನಗೆ ಎಚ್ಚರವಾಗಿಬಿಡುತ್ತದೆ. ಬೆಂಕಿ ಬಿದ್ದ ದಿನದಿಂದ ಇದೇ ಕನಸು.

ಅಪ್ಪ ಬರಿಮೈ ಗುಂಡು ಹುಯ್ಯುವವನು. ನನಗೂ ತಮ್ಮ ಅರ್ಲೋಗೂ ಚಿತ್ರ ಬರೆಯುವ ಪೆನ್ಸಿಲುಗಳನ್ನು ಕೊಟ್ಟು ಆಟ ಆಡಿಸುತ್ತಿದ್ದ. ಸೀಸದ ಗಟ್ಟಿಯ ಮೇಲೆ ಪೆನ್ಸಿಲು ಒತ್ತಿ ತಳ್ಳಬೇಕು. ಪೆನ್ಸಿಲು ಮೆದುವಾದರೆ ಜಾರುತ್ತದೆ. ಸೀಸಕ್ಕಿಂತ ಗಟ್ಟಿಯಾದರೆ ಕೊರೆಯುತ್ತದೆ. ಮೊದಲು ಕೊರೆದ ಪೆನ್ಸಿಲು ಯಾವುದೋ ಅದೇ ಆ ಸೀಸದ ಅಳತೆ. ಪುಟ್ಟ ಕೈಗಳು ಒಂದೊಂದಾಗಿ ತಳ್ಳುತ್ತಿದ್ದರೆ ಅಪ್ಪ ಬೆನ್ನ ಹಿಂದಿನಿಂದ, “ಯಾವುದು ಗೀಚಿತು?” ಎಂದು ಕೇಳುತ್ತಿದ್ದ. ಸರಿಯಾಗಿ ಹೇಳಿದವರಿಗೆ ಬೆಣ್ಣೆ ಮಿಠಾಯಿ. ಅರ್ಲೋನೇ ಯಾವಾಗಲೂ ಗೆಲ್ಲುತ್ತಿದ್ದ, ಗೆದ್ದದ್ದರಲ್ಲಿ ಅರ್ಧ ನನಗೆ ಕೊಡುತ್ತಿದ್ದ.

ಆ ಪೆನ್ಸಿಲುಗಳು ಇವತ್ತು ನನ್ನ ಅಂಗಿಯ ಜೇಬಿನಲ್ಲಿದ್ದವು.

ವೆಂಡೆಲ್ ಅವರ ಮನೆಯ ಹಿತ್ತಲಿನಲ್ಲಿ ಕೊಡಲಿಯ ಸದ್ದು ಕೇಳುತ್ತಿತ್ತು. ಅರ್ಲೋ ಸೌದೆ ಒಡೆಯುತ್ತಿದ್ದ. ವೆಂಡೆಲ್ ಒಳಗೆ ಹೋದಾಗಿನಿಂದ ಅವರ ಹೆಂಡತಿ ಲೆಟ್ಟಿಗೆ ಸೌದೆ, ನೀರು, ಅಂಗಡಿ ಸಾಮಾನು ಎಲ್ಲ ಅವನದೇ. ನನ್ನ ತಮ್ಮನ ಮನಸ್ಸು ಬಂಗಾರ. ಹಣೆಬರಹ ಮಾತ್ರ ತಗಡು. ಬೇಟೆಗೆ ಬರುವ ಪಟ್ಟಣದವರಿಗೆ ದಾರಿ ತೋರಿಸುತ್ತ ಬದುಕುತ್ತಿದ್ದ. ರೈನ್‌ಹೋಲ್ಟ್ ಬೆಟ್ಟದ ದಾರಿಗೆ ಗೇಟು ಹಾಕಿ ಬೀಗ ಜಡಿದ ಮೇಲೆ ಅದೂ ನಿಂತಿತು. ಹೆಂಡತಿ ತವರಿಗೆ ಹೋದಳು. ಬಟ್ಟೆ ಒಗೆಯುವ ಯಂತ್ರ ಕೆಟ್ಟಿತು, ರಿಪೇರಿ ಮಾಡಿಸಲಿಲ್ಲ. ಶನಿವಾರ ಶನಿವಾರ ಬಟ್ಟೆ ಒಗೆಯಲು ಬುಟ್ಟಿ ಹೊತ್ತುಕೊಂಡು ನನ್ನ ಮನೆಯ ನೆಲಮಾಳಿಗೆಗೆ ಬರುತ್ತಾನೆ. ಹೋದ ತಿಂಗಳು ಒಮ್ಮೆ ಬುಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವುದನ್ನು ಕಂಡು, ಬಟ್ಟೆ ಒಗೆದೆಯೋ ಬಂಡೆ ಒಗೆದೆಯೋ ಎಂದು ರೇಗಿಸಿದ್ದೆ. ಒದ್ದೆ ಬಟ್ಟೆ ಕಣೆ ಎಂದು ನಕ್ಕಿದ್ದ.

ಹೊಗೆಯಲ್ಲಿ ಅವನು ಕೈ ಬೀಸಿದ್ದು ಮಾತ್ರ ಕಂಡಿತು, ಮುಖ ಕಾಣಲಿಲ್ಲ. ಮಧ್ಯಾಹ್ನ ಬಟ್ಟೆ ತರುತ್ತೇನೆ ಎಂದು ಕೂಗಿ ಹೇಳಿದ.

ಲೆಟ್ಟಿ ಪ್ರೌಟಿ ಕಾಡು ಹಣ್ಣಿನ ಕಡುಬನ್ನು ನನ್ನ ಮುಂದೆ ತಳ್ಳಿದರು. ತಿನ್ನದಿದ್ದರೆ ಮಾತಾಡುವುದಿಲ್ಲ ಎಂಬುದು ಆಕೆಯ ಹಳೆಯ ಕಾನೂನು. ತಿಂದೆ. ಹನ್ನೊಂದರ ಸಂಗತಿ ಹೇಳಿದಾಗ ಆಕೆ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡರು, ಆಮೇಲೆ ನಕ್ಕರು.

“ನೋಲಾ, ಅವನಿಗೆ ನಾನು ಹುಟ್ಟಿದ ದಿನ ನೆನಪಿರಲ್ಲ. ಮದ್ವೆಯಾದ ದಿನ ನೆನಪಿರಲ್ಲ. ಆ ಸೀಸ ಯಾವ ಆಸ್ಪತ್ರೆ ಎಕ್ಸ್-ರೇ ಕೋಣೆಯ ಗೋಡೆಯಿಂದ ಕಿತ್ತದ್ದು, ಯಾವ ವರ್ಷ ಕಿತ್ತದ್ದು ಅಂತ ನಿದ್ದೇಲಿ ಕೇಳಿದ್ರೂ ಹೇಳ್ತಾನೆ. ಅವನು ಬೇರೆ ಸೀಸ ಮುಟ್ತಾನಾ?”

ಆ ಶುದ್ಧ ಸೀಸ ಎಲ್ಲಿರುತ್ತದೆ ಎಂದು ಕೇಳಿದೆ. ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗ ಹಾಕಿ, ಕೀಲಿ ಕೊರಳಲ್ಲಿ. ಪ್ರೆಸ್ ಇರುವ ಕೊಟ್ಟಿಗೆಗೆ ಬೀಗವಿದೆಯೇ? ಲೆಟ್ಟಿ ನನ್ನನ್ನು ಪಾಪದವಳನ್ನು ನೋಡುವಂತೆ ನೋಡಿದರು. ಸೋರೆಲ್‌ನಲ್ಲಿ ಕೊಟ್ಟಿಗೆಗೆ ಯಾರು ಬೀಗ ಹಾಕುತ್ತಾರೆ? ಹಿತ್ತಾಳೆ ಅಂಗಿಗಳು ಕಾಫಿ ಡಬ್ಬಿಗಳಲ್ಲಿ ಬಾಯಿ ತೆರೆದುಕೊಂಡೇ ಇರುತ್ತವೆ. ಆಗಸ್ಟಿನಲ್ಲಿ ಕಣ್ಣಿನ ಪೊರೆ ತೆಗೆಸಲು ವೆಂಡೆಲ್ ತಂಗಿಯ ಊರಿಗೆ ಹೋಗಿದ್ದಾಗ ಲೆಟ್ಟಿಯೂ ಜೊತೆಗಿದ್ದರು. ಕೊಟ್ಟಿಗೆ ತೆರೆದೇ ಇತ್ತು.

ಅಲ್ಲಿಗೆ ಲೆಕ್ಕ ಸರಿಯಾಯಿತು. ಯಾರೋ ಬಂದಿದ್ದಾನೆ. ಪ್ರೆಸ್ ಸಿಕ್ಕಿದೆ, ಅಂಗಿ ಸಿಕ್ಕಿದೆ, ಸೀಸ ಸಿಕ್ಕಿಲ್ಲ. ತನ್ನ ಸೀಸ ತಂದಿದ್ದಾನೆ. ಆ ಸೀಸ ಗಟ್ಟಿ. ಗುಂಡು ಅಂದರೆ ಗಟ್ಟಿ ಇರಬೇಕು ಎಂದು ಕೈಗೆ ರೂಢಿಯಾದವನು ಅವನು. ಅಂದರೆ ಬರಿಮೈ ಗುಂಡು ಹುಯ್ಯುವ ಮನೆಯವನು. ಅಪ್ಪ ಹೋದ ಮೇಲೆ ಸೋರೆಲ್‌ನಲ್ಲಿ ಅಂಥವನು ಉಳಿದಿರುವುದು ಒಬ್ಬನೇ: ಆರಿನ್ ಸೇದರ್.

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆರಿನ್ ನನಗೆ ಚಿಕ್ಕಂದಿನಿಂದಲೂ ಆಗದ ಮನುಷ್ಯ. ಊರಿನ ವಾರಪತ್ರಿಕೆಯನ್ನು ತಾನೇ ಸೀಸದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ. ಊರಿನವರ ಮಾನವನ್ನೂ ಜೊತೆಗೇ ಅಚ್ಚು ಹಾಕುತ್ತಿದ್ದ. ರೈನ್‌ಹೋಲ್ಟ್ ಆ ಕಟ್ಟಡ ಕೊಂಡು ಪತ್ರಿಕೆಯನ್ನು ಬೀದಿಗೆ ಹಾಕಿದ. ಅವನ ಹೆಣದ ಮೇಲೆ ಕಾಫಿ ಕುಡಿಯುತ್ತೇನೆ ಎಂದು ಆರಿನ್ ಹೋಟೆಲಿನಲ್ಲಿ ಎಲ್ಲರೆದುರು ಹೇಳಿದ್ದೂ ಇತ್ತು.

ನಾನು ಹೋದಾಗ ಆರಿನ್ ಗ್ಯಾರೇಜಿನ ಬಾಗಿಲಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಹೊಗೆಯನ್ನೇ ನೋಡುತ್ತ ಕುಳಿತಿದ್ದ. ಒಳಗೆ ಮೊಳೆಗಳ ಖಾನೆಗಳು, ಪಾತ್ರೆ, ಅಚ್ಚುಗಳು, ಗೋಡೆಗೆ ಒರಗಿಸಿದ ಬೂದು ಗಟ್ಟಿಗಳು. ಎಲ್ಲದರ ಮೇಲೂ ಕಿತ್ತಳೆ ಬೆಳಕು. ವಸ್ತುಗಳೆಲ್ಲ ನೆಲ ಬಿಟ್ಟು ಒಂದು ಬೆರಳು ಮೇಲೆ ತೇಲುತ್ತಿರುವಂತೆ ಕಾಣುತ್ತಿದ್ದವು.

“ಬಂದ್ಯಾ? ವೆಂಡೆಲ್‌ನ ಹಿಡಿದು ಸಾಕಾಯ್ತು, ಈಗ ನಾನಾ?” ಎಂದ.

ರೈನ್‌ಹೋಲ್ಟ್ ಸತ್ತ ದಿನ ಎಲ್ಲಿದ್ದಿರಿ ಎಂದು ಕೇಳಿದೆ. ಮನೆಯಲ್ಲಿ, ಒಬ್ಬನೇ, ಸಾಕ್ಷಿಗೆ ಬೆಕ್ಕಿದೆ ಎಂದ. ಆಗಸ್ಟಿನಲ್ಲಿ ವೆಂಡೆಲ್ ಕೊಟ್ಟಿಗೆಗೆ ಹೋಗಿದ್ದಿರಾ ಎಂದು ಕೇಳಿದೆ. ಅಂಗಿ ತೊಡಿಸಿದ ಗುಂಡು ಹೆಂಗಸರಿಗೆ ಎಂದ. ಬೇಕೆಂದೇ ನನ್ನ ಮುಖ ನೋಡಿ ಹೇಳಿದ. ಸಿಟ್ಟು ಬಂತು. ಜೇಬಿನಿಂದ ಪೆನ್ಸಿಲುಗಳನ್ನು ತೆಗೆದು ಅವನ ಬೆಂಚಿನ ಮೇಲೆ ಸಾಲಾಗಿ ಇಟ್ಟೆ.

ಆರಿನ್‌ನ ಮುಖ ಬದಲಾಯಿತು. ಪೆನ್ಸಿಲುಗಳನ್ನು ಅವನು ಗುರುತಿಸಿದ.

“ಹ್ಯಾಲ್ವರ್‌ನ ಪೆನ್ಸಿಲು,” ಎಂದ ಮೆಲ್ಲಗೆ. ಹ್ಯಾಲ್ವರ್ ನನ್ನ ಅಪ್ಪನ ಹೆಸರು.

ಅವನೇ ಒಂದು ಗಟ್ಟಿಯನ್ನು ಎಳೆದು ನನ್ನ ಮುಂದಿಟ್ಟ. ತೀರ ಮೆದುವಾದ ಸಿಕ್ಸ್ ಬಿ ತಳ್ಳಿದೆ, ಜಾರಿತು. ಟೂ ಬಿ ತಳ್ಳಿದೆ. ನನ್ನ ಎಣಿಕೆಯ ಪ್ರಕಾರ ಇದು ಕೊರೆಯಬೇಕಿತ್ತು, ಹನ್ನೊಂದರ ಸೀಸವನ್ನು ಕೊರೆಯುವುದು ಇದೇ. ಜಾರಿತು. ಕಪ್ಪು ಗೆರೆಯಷ್ಟೇ ಉಳಿಯಿತು, ಅದನ್ನು ಆರಿನ್ ಹೆಬ್ಬೆರಳಿನಿಂದ ಒರೆಸಿ ಹಾಕಿದ. ಗಟ್ಟಿಯಾದ ಎಚ್ ಪೆನ್ಸಿಲು ತಳ್ಳಿದಾಗ ಮಾತ್ರ ಸೀಸ ಸುರುಳಿಯಾಗಿ ಎದ್ದಿತು. ಇನ್ನೊಂದು ಗಟ್ಟಿ, ಮತ್ತೊಂದು ಗಟ್ಟಿ. ಎಲ್ಲವೂ ಹಾಗೆಯೇ.

“ಮೊಳೆ ಕರಗಿಸಿದ ಸೀಸ ಇದು. ನನ್ನ ಪತ್ರಿಕೆ,” ಎಂದ ಆರಿನ್. “ಇದನ್ನ ವೆಂಡೆಲ್‌ನ ಅಚ್ಚಿಗೆ ಹಾಕಿದ್ರೆ ಬಿರುಕಲ್ಲಮ್ಮ, ಎರಡು ಹೋಳು. ಎಷ್ಟು ಅಂದ್ರು ಪ್ರಯೋಗಾಲಯದೋರು?”

ಹೇಳಬಾರದಿತ್ತು. ಹೇಳಿದೆ.

ಆರಿನ್ ಹೊಗೆಯ ಕಡೆ ತಿರುಗಿದ. ಬೆಕ್ಕು ಬಂದು ನನ್ನ ಬೂಟಿಗೆ ಮೈ ಉಜ್ಜಿತು. ಅವನು ಕೆಟ್ಟ ಮಾತೊಂದನ್ನು ಹುಡುಕುತ್ತಿದ್ದಾನೆ ಎಂದುಕೊಂಡೆ, ನಾನೂ ಒಂದನ್ನು ಸಿದ್ಧ ಮಾಡಿಟ್ಟುಕೊಂಡೆ. ಆದರೆ ಅವನು ಕೇಳಿದ್ದು ಬೇರೆ.

“ಹನ್ನೊಂದು ಯಾರ ಮನೇದು ಅಂತ ನಿಂಗೆ ನಿಜವಾಗ್ಲೂ ಗೊತ್ತಿಲ್ವಾ, ನೋಲಾ?”

ಕಾರಿನ ಚಕ್ರಕ್ಕೆ ತೂಕ ಸರಿಮಾಡಲು ಸಿಕ್ಕಿಸುವ ಸೀಸದ ತುಂಡು ಕರಗಿಸಿದರೆ ಯಾರದಾದರೂ ಹನ್ನೊಂದೇ ಎಂದೆ. ನನ್ನ ದನಿ ಜೋರಾಗಿತ್ತು.

ಈಗಿನ ತುಂಡುಗಳು ಕಬ್ಬಿಣದವು ಎಂದು ಅವನು ನೆನಪಿಸಿದ. ಸೀಸದವು ಸಿಗುತ್ತಿದ್ದ ಕಾಲದಲ್ಲಿ ಟೈರ್ ಅಂಗಡಿಯ ಬಕೀಟುಗಳನ್ನೆಲ್ಲ ಒಂದೊಂದು ಬಾಟಲಿ ವಿಸ್ಕಿ ಕೊಟ್ಟು ಒಬ್ಬನೇ ಒಬ್ಬ ಮನುಷ್ಯ ಎತ್ತಿಕೊಂಡು ಹೋಗುತ್ತಿದ್ದ. ಬೇರೆಯವರಿಗೆ ಮುಷ್ಟಿಯಷ್ಟೂ ಬಿಡುತ್ತಿರಲಿಲ್ಲ. ಹಾಗೆಂದು ಹೇಳುತ್ತ ಆರಿನ್ ಎದ್ದು, ಬಾಗಿಲು ಮುಚ್ಚದಂತೆ ತಡೆಗೆ ಇಟ್ಟಿದ್ದ ಒಂದು ತುಂಡನ್ನು ತಂದು ನನ್ನ ಕೈಯಲ್ಲಿಟ್ಟ.

ಮೆಕ್ಕೆಜೋಳದ ತೆನೆಯ ಆಕಾರದ ಸೀಸ. ಕಾಳು ಕಾಳಾಗಿ, ಸಾಲು ಸಾಲಾಗಿ.

ಅಮ್ಮ ಮೆಕ್ಕೆಜೋಳದ ಬ್ರೆಡ್ಡನ್ನು ತೆನೆಯ ಆಕಾರದಲ್ಲಿ ಬೇಯಿಸುತ್ತಿದ್ದ ಕಬ್ಬಿಣದ ಅಚ್ಚಿನಲ್ಲಿ ಅಪ್ಪ ಒಂದು ದಿನ ಸೀಸ ಹುಯ್ದುಬಿಟ್ಟಿದ್ದ. ಸೀಸ ಬಿದ್ದ ಪಾತ್ರೆ ಮತ್ತೆ ಒಲೆಗೆ ಬರುವಂತಿಲ್ಲ. ಅಮ್ಮ ಸಾಯುವವರೆಗೂ ಅದನ್ನು ಎತ್ತಿ ಆಡಿದಳು. ಅಪ್ಪ ಅದೇ ಅಚ್ಚನ್ನು ಕೊನೆಯವರೆಗೂ ಬಳಸಿದ. ಊರಿನಲ್ಲಿ ಇನ್ನಾರ ಸೀಸಕ್ಕೂ ಈ ಆಕಾರವಿರಲಿಲ್ಲ.

ಟೂ ಬಿ ತಳ್ಳಿದೆ. ತಳ್ಳುವ ಮೊದಲೇ ಗೊತ್ತಿತ್ತು. ಪೆನ್ಸಿಲಿನ ಮೂತಿ ಕಾಳೊಂದನ್ನು ಸೀಳಿ ಒಳಗೆ ಇಳಿಯಿತು, ಬೆಳ್ಳಗಿನ ಗೆರೆ ಹೊಳೆಯಿತು.

ಗಟ್ಟಿ ಕೊಟ್ಟವನು ಹ್ಯಾಲ್ವರ್, ಹತ್ತು ವರ್ಷದ ಕೆಳಗೆ, ಪಂದ್ಯದಲ್ಲಿ ಸೋತು ಕೊಟ್ಟದ್ದು ಎಂದು ಆರಿನ್ ಹೇಳುತ್ತಿದ್ದ. ನನಗೆ ಅರ್ಧ ಕೇಳಿಸಿತು. ಉಳಿದವು ಎಲ್ಲಿವೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು, ಬೈದಾದರೂ ಬಿಡುತ್ತಿದ್ದೆ.

“ನಾನು ಬಾಯಿ ಬಿಡಲ್ಲ,” ಎಂದ ಕೊನೆಗೆ. “ಈ ಊರಿನ ಸುದ್ದಿ ಅಚ್ಚು ಹಾಕೋದು ನಿಲ್ಲಿಸಿದ್ದೀನಿ. ಆದ್ರೆ ವೆಂಡೆಲ್‌ಗೆ ಸೋಮವಾರದವರೆಗೆ ಮಾತ್ರ ಇರೋದು. ಅದನ್ನ ಮರೀಬೇಡ.”

ಚಿಕ್ಕಂದಿನಿಂದ ಆಗದ ಮನುಷ್ಯ. ಅವನ ಮುಂದೆ ನನ್ನ ಕಣ್ಣು ತುಂಬಿದ್ದಕ್ಕೆ ನನಗೆ ನಾಚಿಕೆಯಾಯಿತು, ಹೊಗೆ ಎಂದೆ. ಹೌದು, ಹೊಗೆ ಜಾಸ್ತಿ ಎಂದ.

ಕಾರು ಓಡಿಸಿದ್ದು ನೆನಪಿಲ್ಲ. ದಾರಿಯಲ್ಲಿ ಬೇಲಿಯಾಚೆ ಜಿಂಕೆಗಳ ಹಿಂಡೊಂದು ನಿಂತಿತ್ತು, ಕಾಲುಗಳು ಹೊಗೆಯಲ್ಲಿ ಮುಳುಗಿ ಬರೀ ಬೆನ್ನುಗಳು ತೇಲುತ್ತಿದ್ದವು. ಅದಷ್ಟೇ ನೆನಪು.

ಅಪ್ಪ ಹೋದ ಮೇಲೆ ಅವನ ಸೀಸವನ್ನೆಲ್ಲ ನಾನೇ ತಂದು ನನ್ನ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಹಿಂದೆ, ಹಳೆಯ ಕಂಬಳಿ ಹೊದಿಸಿ ಇಟ್ಟಿದ್ದೆ. ಮಾರಲು ಮನಸ್ಸು ಬರಲಿಲ್ಲ. ಮುಟ್ಟಲೂ ಮನಸ್ಸು ಬರಲಿಲ್ಲ. ಧೂಳು ಹಿಡಿದ ಕಿಟಕಿಯಿಂದ ಕಿತ್ತಳೆ ಬೆಳಕು ಇಳಿದು ಬಂದು ಕಂಬಳಿಯ ಮೇಲೆ ಮಲಗಿತ್ತು. ಕಂಬಳಿ ನಾನು ಮಡಚಿದ ಹಾಗೆ ಇರಲಿಲ್ಲ. ನಾನು ಮೂಲೆಗಳನ್ನು ಒಳಗೆ ಸಿಕ್ಕಿಸುತ್ತೇನೆ.

ಎತ್ತಿದೆ.

ತೆನೆಗಳ ಸಾಲು ಎರಡು ಗೋಡೆಗಳ ನಡುವೆ ತುಂಬಿಕೊಂಡಿರಬೇಕಿತ್ತು. ಒಂದು ಕಡೆ ಬರಿದಾಗಿತ್ತು. ಹಲಗೆಯ ಮೇಲೆ ವರ್ಷಗಳ ಧೂಳು. ಧೂಳಿನ ನಡುವೆ, ಇದ್ದ ತೆನೆಗಳನ್ನು ಯಾರೋ ಎತ್ತಿಕೊಂಡ ಕಡೆ, ತೆನೆಯ ಆಕಾರದ ಸ್ವಚ್ಛ ಗುರುತುಗಳು. ಬೆರಳಿಟ್ಟು ನೋಡಿದೆ. ಅವುಗಳ ಮೇಲೆ ಧೂಳು ಇನ್ನೂ ಕೂರಲು ಶುರುವಾಗಿತ್ತಷ್ಟೇ.

ಈ ಮನೆಯ ಕೀಲಿ ಇರುವುದು ಇಬ್ಬರ ಬಳಿ.

ಬೇಸಿಗೆಯಲ್ಲಿ ಅರ್ಲೋ ವೆಂಡೆಲ್ ಕೊಟ್ಟಿಗೆಯಲ್ಲಿ ಸಂಜೆಗಳನ್ನು ಕಳೆಯುತ್ತಿದ್ದದ್ದು ನನಗೆ ಗೊತ್ತಿತ್ತು. ಪ್ರೆಸ್ಸಿನ ಹಿಡಿ ಎಳೆಯುವುದನ್ನು ಕಲಿತಿದ್ದು ಗೊತ್ತಿತ್ತು. ಮನೆಯಲ್ಲಿ ಕುಳಿತು ಕೊಳೆಯುವುದಕ್ಕಿಂತ ಒಂದು ಕಸುಬು ಕಲಿಯಲಿ ಎಂದು ಕಳಿಸಿದವಳೇ ನಾನು. ಎಲ್ಲವೂ ಗೊತ್ತಿತ್ತು, ಅದನ್ನೆಲ್ಲ ಒಂದೆಡೆ ಇಟ್ಟು ನೋಡಿರಲಿಲ್ಲ. ಗುಂಡು ಗಟ್ಟಿ ಇರಬೇಕು ಎಂದು ನಮ್ಮ ಕೈಗಳಿಗೆ ಕಲಿಸಿದವನು ಅಪ್ಪ. ಆ ಪ್ರೆಸ್ಸಿನ ಮುಂದೆ ನಾನು ನಿಂತಿದ್ದರೂ ಇದೇ ತಪ್ಪು ಮಾಡುತ್ತಿದ್ದೆ.

ಮೇಲೆ ಬಾಗಿಲು ತೆರೆಯಿತು. ಸಿಳ್ಳೆ ಕೇಳಿಸಿತು, ಅಪ್ಪ ಹಾಕುತ್ತಿದ್ದ ಸಿಳ್ಳೆ.

ಕಂಬಳಿ ಹೊದಿಸಲು ಸಮಯವಿತ್ತು. ಹೊದಿಸಲಿಲ್ಲ. ವೆಂಡೆಲ್ ಅವರ ಬಾಡಿದ ಮುಖ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ಬೆಣ್ಣೆ ಮಿಠಾಯಿಯನ್ನು ಹಲ್ಲಿನಲ್ಲಿ ಕಚ್ಚಿ ಎರಡು ಮಾಡುತ್ತಿದ್ದ ಪುಟ್ಟ ಹುಡುಗನ ಮುಖ. ಇಬ್ಬರಲ್ಲಿ ಒಬ್ಬರು ಮಾತ್ರ ಸೋಮವಾರ ಮನೆಗೆ ಹೋಗುತ್ತಾರೆ, ಯಾರೆಂದು ನಾನು ಹೇಳಬೇಕು.

ಮೆಟ್ಟಿಲುಗಳು ಒಂದೊಂದಾಗಿ ಕಿರುಗುಟ್ಟಿದವು. ಬಟ್ಟೆ ಹೊತ್ತವನ ಹೆಜ್ಜೆಯಲ್ಲ ಅದು. ಅರ್ಲೋ ಬುಟ್ಟಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಇಳಿದು ಬಂದ, ಏದುಸಿರು ಬಿಡುತ್ತ. ಮೇಲೆ ಮಡಚಿಟ್ಟ ಅಂಗಿಗಳು ಕಾಣುತ್ತಿದ್ದವು. ಕೊನೆಯ ಮೆಟ್ಟಿಲಿನ ಮೇಲೆ ಬುಟ್ಟಿ ಇಳಿಸಿದಾಗ ಮರ ನಡುಗಿತು, ಅಂಗಿಗಳ ಕೆಳಗೆ ಏನೋ ಒಂದಕ್ಕೊಂದು ತಾಗಿ ಮಂದವಾಗಿ ಸದ್ದು ಮಾಡಿತು.

ಅವನು ನನ್ನನ್ನು ನೋಡಿದ. ತೆರೆದ ಕಂಬಳಿಯನ್ನು ನೋಡಲಿಲ್ಲ, ಬರಿದಾದ ಹಲಗೆಯನ್ನೂ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಪೆನ್ಸಿಲನ್ನು ನೋಡಿದ. ಆಮೇಲೆ ಬುಟ್ಟಿಯ ಪಕ್ಕದಲ್ಲಿ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ ಮೊಣಕಾಲು ತಬ್ಬಿಕೊಂಡು, ದಾರಿಗೆ ಅಡ್ಡವಾಗಿ ಕುಳಿತ.

“ಯಾವುದು ಗೀಚಿತು, ನೋಲ್?” ಎಂದು ಕೇಳಿದ.